ಮೆಟ್ಟಿಲು ಎಲ್ಲಿ ಮೇಡಂ?

"ಇಷ್ಟಕ್ಕೆಲ್ಲ ಆಫೀಸಿನವರಿಗೆ ಯಾಕೆ ಫೋನು? ಮನೇಲಿ ನಾನೊಬ್ಬ ಇದ್ದೀನಲ್ಲ!" ಎಂದು ಪತಿರಾಯರು ತೋಳೇರಿಸಿಕೊಂಡು ಬಂದರು. ಬರುವಾಗಲೇ ಹಜಾರದ ಫ್ಯಾನ್ ಆರಿಸಿದರು.

"ಅಳಿಯಂದ್ರೇ, ನಾನಿನ್ನೂ ಇಲ್ಲೇ ಕೂತಿದ್ದೀನಿ!" ಎಂದು ಅತ್ತೆ ಕೂಗಿದರು.

ಕಂಡ ಸ್ವಿಚ್ಚನ್ನೆಲ್ಲ ಆರಿಸುವುದು ಪತಿರಾಯರ ಹುಟ್ಟುಗುಣ. ಫ್ಯಾನಿನ ಕೆಳಗೆ ಯಾರಿದ್ದಾರೆಂದು ನೋಡುವ ಪದ್ಧತಿ ಅವರಲ್ಲಿಲ್ಲ.

ಹೆಂಡತಿ ಮನೆಗಳ ನಕ್ಷೆ ಬರೆಯುವವಳು. ನಿನ್ನೆ ಆಫೀಸಿನಲ್ಲಿ ಕಾಲು ಉಳುಕಿತು. ಪತಿರಾಯರೇ ಹೋಗಿ ಕರೆತಂದರು. ಇವತ್ತು ಮನೆಯಿಂದಲೇ ಕೆಲಸ. ನಕ್ಷೆ ಇರುವುದು ಆಫೀಸಿನಲ್ಲಿರುವ ಅವಳ ಕಂಪ್ಯೂಟರಿನಲ್ಲಿ, ಎಲ್ಲರೂ ಹಂಚಿಕೊಳ್ಳುವ ಫೋಲ್ಡರಿನೊಳಗೆ. ಮನೆಯಿಂದ ಅಲ್ಲಿಗೆ ಹೋಗಲು ವಿಪಿಎನ್ ಎಂಬ ಗುಪ್ತಮಾರ್ಗ. ಮಾರ್ಗವೇನೋ ತೆರೆಯಿತು, ಫೋಲ್ಡರ್ ಮಾತ್ರ ಜಪ್ಪಯ್ಯ ಅಂದರೂ ತೆರೆಯಲೊಲ್ಲದು!

ಅಷ್ಟರಲ್ಲಿ ಕಟ್ಟಡದ ಮೇಸ್ತ್ರಿಯ ಫೋನು. "ಮೆಟ್ಟಿಲು ಎಲ್ಲಿ ಮೇಡಂ? ಕಾಂಕ್ರೀಟ್ ಕಲಸೋ ಹೊತ್ತಾಯ್ತು. ನಕ್ಷೆ ಬರದಿದ್ರೆ ನನಗೆ ತೋಚಿದ ಕಡೆ ಇಳಿಸಿಬಿಡ್ತೀನಿ."

"ದಮ್ಮಯ್ಯ, ಸ್ವಲ್ಪ ತಡೀರಿ! ಹೋದ ಸಲ ನಿಮಗೆ ತೋಚಿದ್ದು ನೆಟ್ಟಗೆ ಬಚ್ಚಲಮನೆಗೆ ಇಳಿದಿತ್ತು!"

ಅವಳೊಬ್ಬಳೇ ಪೂರ್ತಿ ಹೊಣೆ ಹೊತ್ತ ಮೊದಲ ಮನೆ ಅದು.

"ಗಾಬರಿ ಯಾಕೆ? ಐದೇ ನಿಮಿಷ!" ಎಂದ ಪತಿರಾಯರು ಪಾಸ್‌ವರ್ಡ್ ಬದಲಿಸಿದರು. ಫೈರ್‌ವಾಲ್ ಕೆಡವಿದರು. ಕೊನೆಗೆ ರೂಟರಿಗೇ ಕೈ ಹಾಕಿದರು. ಇಡೀ ಮನೆಯ ಇಂಟರ್ನೆಟ್ ಮಾಯ!

"ಅಳಿಯಂದ್ರೇ, ಧಾರಾವಾಹಿ ನಿಂತುಹೋಯ್ತು. ಆ ಹುಡುಗಿ ಬಾಯಿ ತೆರೆದವಳು ಹಾಗೇ ನಿಂತಿದ್ದಾಳೆ!"

"ಮುಚ್ಚಿಸ್ತೀನಿ ಅತ್ತೆ, ಒಂದು ನಿಮಿಷ!"

ಇಂಟರ್ನೆಟ್ ಮರಳಿತು. ಫೋಲ್ಡರ್ ಜಗ್ಗಲಿಲ್ಲ. "ಆಫೀಸಿನವರು ಏನೋ ಎಡವಟ್ಟು ಮಾಡಿದ್ದಾರೆ. ಬೇಜವಾಬ್ದಾರಿ ಜನ!" ಎಂದು ಪತಿರಾಯರು ತೀರ್ಪು ಕೊಟ್ಟರು.

ಹೆಂಡತಿ ಇನ್ನು ತಡೆಯಲಾರದೆ ಸಹೋದ್ಯೋಗಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಅಕ್ಕಾ, ನಿಮ್ಮ ಕಂಪ್ಯೂಟರ್ ಆನ್ ಆಗೇ ಇಲ್ಲ. ಗೋಡೆಯ ಸ್ವಿಚ್ಚೇ ಆಫ್ ಆಗಿದೆ. ನಮ್ಮಲ್ಲಿ ಅದನ್ನ ಯಾರೂ ಮುಟ್ಟಲ್ವಲ್ಲ?"

"ನಾನೂ ಮುಟ್ಟಿಲ್ಲ ಕಣೇ. ನಿನ್ನೆ ಕುಂಟ್ಕೊಂಡು ಮೊದಲೇ ಹೊರಗೆ ಬಂದಿದ್ದೆ. ನನ್ನ ಬ್ಯಾಗ್ ತರೋಕೆ ಒಳಗೆ ಹೋಗಿದ್ದು..."

ಅವಳು ಗಂಡನ ಕಡೆ ತಿರುಗಿದಳು. ಪತಿರಾಯರು ಸೂರಿನ ಕಡೆ ನೋಡತೊಡಗಿದರು.

"ಅಲ್ಲಾ, ಯಾರೂ ಇಲ್ಲದ ಮೇಜಲ್ಲಿ ಸುಮ್ನೆ ಕರೆಂಟು ದಂಡ ಆಗ್ತಿತ್ತು..."

ಸಹೋದ್ಯೋಗಿ ಸ್ವಿಚ್ ಒತ್ತಿದಳು. ಫೋಲ್ಡರ್ ತೆರೆಯಿತು. ನಕ್ಷೆ ಮೇಸ್ತ್ರಿಯ ಕಡೆ ಹೊರಟಿತು. ಪತಿರಾಯರು ಮೆಲ್ಲಗೆ ಎದ್ದರು.

"ಎಲ್ಲಿಗೆ ಹೊರಟಿರಿ?"

"ನಿನಗೊಂದು ಟೀ ಮಾಡೋಣ ಅಂತ."

"ಮಾಡುವಿರಂತೆ. ನಕ್ಷೆ ಪೂರ್ತಿ ಹೋಗೋವರೆಗೂ ಆ ಕೈ ಎರಡೂ ಜೇಬಲ್ಲೇ ಇರ್ಲಿ!"

ಕೈ ಜೇಬಿಗಿಳಿಸಿ ಪತಿರಾಯರು ಹಜಾರಕ್ಕೆ ಬಂದರೆ, ಅತ್ತೆ ಆಗಲೇ ಧಾರಾವಾಹಿ ಬಿಟ್ಟೆದ್ದು ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದರು.

"ನೀವು ಹೋಗಿ ಅಳಿಯಂದ್ರೇ. ಈ ಕಡೆ ನಾನು ಕಾಯ್ಕೋತೀನಿ."