ಕೆಂಪು ಚಪ್ಪಲಿಯ ಗುರುತು

ಇಷ್ಟಕ್ಕೆಲ್ಲ ಕಾರಣ ಒಂದು ಜೊತೆ ಕೆಂಪು ಚಪ್ಪಲಿ. ಕರಾಟಿನಾ ಸಂತೆಯಲ್ಲಿ ಚೌಕಾಸಿ ಮಾಡಿ ಮಗಳಿಗೆಂದು ತಂದ ಗಥೋನಿ, ಅಂದೇ ಭಾವಿ ಅಳಿಯ ಮುರಿಗಿಗೆ ಫೋನ್ ಮಾಡಿದ್ದಳು. "ನೋಡಪ್ಪ, ಕೆಂಪು ಚಪ್ಪಲಿ ಹಾಕ್ಕೊಂಡಿರೋಳೇ ನನ್ನ ಮಗಳು. ಯಾರ ಹತ್ರಾನೂ ಬಾಯಿ ಬಿಡ್ಬೇಡ."

ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬಂದು ತೆರ ಒಪ್ಪಿಸುವ ದಿನ ಹೆಂಗಸರು ತಲೆಯಿಂದ ಕಣಕಾಲಿನವರೆಗೆ ಬಟ್ಟೆ ಹೊದ್ದು ಸಾಲಾಗಿ ನಿಲ್ಲುತ್ತಾರೆ. ಅವರಲ್ಲಿ ತನ್ನವಳು ಯಾರೆಂದು ಗಂಡು ಗುರುತಿಸಬೇಕು. ತಪ್ಪಿದರೆ ಒಂದು ಮೇಕೆ ದಂಡ, ಜನ್ಮವಿಡೀ ನಗೆಪಾಟಲು.

"ನಿನ್ನ ಕಾಲ ಮೇಲೆ ನೀನು ನಿಂತ್ಕೊ" ಎಂದು ಮಗಳಿಗೆ ಹೇಳಿ ಬೆಳೆಸಿದವಳು ಗಥೋನಿಯೇ. ನ್ಯಾಕಿಯೊ ನಿಂತೇಬಿಟ್ಟಳು. ಮನೆಯ ಎದುರಿಗೇ ಬೈಕ್ ಬಿಡಿಭಾಗಗಳ ಅಂಗಡಿ ಇಟ್ಟಳು. ಉಣ್ಣುವುದು ಮಾತ್ರ ಅಮ್ಮನ ಅಡುಗೆ. ಮೂವತ್ತು ದಾಟಿದರೂ ತಟ್ಟೆ ತೊಳೆದವಳಲ್ಲ. ವಿಧವೆ ಗಥೋನಿಗೆ ಈಗ ಉಳಿದಿದ್ದು ಒಂದೇ ಆಸೆ. ಯಾರಿಗೂ ಬೇಯಿಸಿ ಹಾಕದೆ, ರೇಡಿಯೊ ಜೋರಾಗಿ ಹಾಕಿಕೊಂಡು, ತನ್ನ ಮನೆಯಲ್ಲಿ ತಾನೊಬ್ಬಳೇ ಚಹಾ ಕುಡಿಯಬೇಕು. ಹೆತ್ತವಳು ಇದನ್ನು ಹೊರಗೆ ಹೇಳಲುಂಟೆ!

ಆ ಬೆಳಗ್ಗೆ ನ್ಯಾಕಿಯೊ ಮುಖ ಊದಿಸಿಕೊಂಡು ಕೂತಿದ್ದಳು. "ಅಮ್ಮಾ, ನಂಗೆ ಭಯ ಆಗ್ತಿದೆ. ನಾಳೆ ಅಂಗಡಿ ಮುಚ್ಚು ಅಂದ್ಬಿಟ್ರೆ?"

"ಬಂಗಾರದಂಥ ಹುಡುಗ ಕಣೇ, ಅನ್ನಲ್ಲ."

"ನೋಡೋಣ. ಇವತ್ತು ಅವನು ನನ್ನ ಗುರುತು ಹಿಡಿದ್ರೆ ಮದುವೆ. ಇಲ್ದಿದ್ರೆ ಸಾಯೋವರೆಗೂ ಇಲ್ಲೇ, ನಿನ್ನ ಜೊತೇಲೇ."

ಗಥೋನಿ ಲಗುಬಗೆಯಿಂದ ಕೆಂಪು ಚಪ್ಪಲಿ ತಂದು ಮಗಳ ಮುಂದಿಟ್ಟಳು. "ಹಿಡೀತಾನೆ ಬಿಡು. ಮೊದ್ಲು ಚಪ್ಪಲಿ ಹಾಕ್ಕೊ."

ಅಷ್ಟರಲ್ಲಿ ಗೇಟಿನ ಬಳಿ ಗಂಡಿನ ಕಡೆಯವರ ಹಾಡು ಕೇಳಿಸಿತು. ಪಕ್ಕದ ಮನೆಯ ವಮೈಥಾ ಏದುಸಿರು ಬಿಡುತ್ತ ನುಗ್ಗಿದಳು. "ಸಾಲಿಗೆ ಒಬ್ಳು ಕಮ್ಮಿ ಇದಾಳೆ! ಗಥೋನಿ, ನೀನೇ ಬಾ. ಮಗಳಷ್ಟೇ ಎತ್ತರ ಇದೀಯ."

"ಅಮ್ಮಾ, ಈ ಚಪ್ಪಲಿ ಕಚ್ತಿದೆ. ಇದು ನೀನು ಹಾಕ್ಕೊ, ನಿಂದು ನಂಗೆ ಕೊಡು" ಎಂದಳು ಮಗಳು.

"ಅಯ್ಯೋ ಬೇಡ ಕಣೇ! ಈ ವಯಸ್ಸಲ್ಲಿ ನಂಗೆ ಕೆಂಪು..."

"ಏನ್ ವಯ್ಯಾರಾನೇ ನಿಂದು!" ಎಂದು ವಮೈಥಾ ಅವಳ ಕಾಲಿಗೆ ಕೆಂಪು ಚಪ್ಪಲಿ ತುರುಕಿ, ತಲೆಯ ಮೇಲೆ ಬಟ್ಟೆ ಎಳೆದು, ಸಾಲಿನಲ್ಲಿ ನಿಲ್ಲಿಸಿಯೇಬಿಟ್ಟಳು. ಬಾಯಿ ಬಿಟ್ಟರೆ ತನ್ನ ಗುಟ್ಟೇ ರಟ್ಟು. ತೋಡಿದ ಹಳ್ಳಕ್ಕೆ ತಾನೇ ಬಿದ್ದೆನಲ್ಲಾ ಎಂದು ಗಥೋನಿ ಬಟ್ಟೆಯೊಳಗೇ ತನ್ನನ್ನು ಬೈದುಕೊಂಡಳು.

ಮುರಿಗಿ ಯಾರ ಮುಖದ ಕಡೆಗೂ ನೋಡಲಿಲ್ಲ. ನೆಲ ನೋಡುತ್ತ ಬಂದವನು ಕೆಂಪು ಕಂಡದ್ದೇ ನಿಂತ. "ಇವಳೇ! ಸಾವಿರ ಜನರ ಮಧ್ಯೆ ಇದ್ರೂ ಗುರುತಿಸ್ತೀನಿ. ಆ ನಿಲುವು ನೋಡಿ!" ಎಂದು ಬಟ್ಟೆ ಎತ್ತಿದ.

"ಚೆನ್ನಾಗಿದೀಯೇನಪ್ಪಾ?" ಎಂದಳು ಗಥೋನಿ.

ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ವಮೈಥಾ ಹೊಟ್ಟೆ ಹಿಡಿದುಕೊಂಡು, "ಒಂದು ಮೇಕೆ ದಂಡ! ಇನ್ನೊಂದೇ ಅವಕಾಶ!" ಎಂದು ಕೂಗಿದಳು.

ಮುರಿಗಿ ಬೆವರಿದ. ಉಳಿದವರೆಲ್ಲ ಕಟ್ಟಿಟ್ಟ ಮೂಟೆಗಳಂತೆ ನಿಂತಿದ್ದರು. ತಲೆ ಕೆರೆದುಕೊಂಡ. ಇದ್ದಕ್ಕಿದ್ದಂತೆ ರಸ್ತೆಯ ಕಡೆ ತಿರುಗಿ, "ಅಯ್ಯಯ್ಯೋ! ಅಂಗಡಿಯಿಂದ ಯಾರೋ ಟೈರ್ ಹೊತ್ಕೊಂಡು ಹೋಗ್ತಿದಾರೆ!" ಎಂದು ಅರಚಿದ.

ಸಾಲಿನ ತುದಿಯಲ್ಲೊಂದು ಬಟ್ಟೆ ಹಾರಿಬಿತ್ತು. "ಯಾವನೋ ಅವನು!" ಎನ್ನುತ್ತ ನ್ಯಾಕಿಯೊ ಅಮ್ಮನ ಚಪ್ಪಲಿಯಲ್ಲಿ ಗೇಟು ದಾಟಿ ಓಡಿದಳು.

"ಅವಳೇ ನನ್ನೋಳು!" ಎಂದ ಮುರಿಗಿ. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಹರ್ಷದ ಕೂಗು ಹಾಕಿದರು.

ಅಂಗಡಿಯ ಬೀಗ ಎಳೆದು ನೋಡಿ ವಾಪಸು ಬಂದ ನ್ಯಾಕಿಯೊಗೆ ನಗುವೂ ಅಳುವೂ ಒಟ್ಟಿಗೇ ಬಂದಿತ್ತು. "ಅಂಗಡಿ ಅಂದ್ರೆ ನನ್ನ ಪ್ರಾಣ ಅಂತ ತಿಳಿದೋನು ಅದನ್ನ ಬಿಡು ಅನ್ನಲ್ಲ. ನಂಗೆ ಒಪ್ಗೆ."

ಗಥೋನಿಯ ಕಣ್ಣಲ್ಲಿ ದಳದಳ ನೀರು. ಪಾಪ, ಹೆತ್ತ ಕರುಳು ಎಂದರು ಜನ. ಅವಳ ಕಿವಿಯಲ್ಲಾಗಲೇ ರೇಡಿಯೊ ಹಾಡುತ್ತಿತ್ತು. ಮೂಗು ಒರೆಸಿಕೊಂಡು ಕೇಳಿದಳು: "ಹಾಗಾದ್ರೆ ಇವಳನ್ನ ಯಾವತ್ತು ಕರ್ಕೊಂಡು ಹೋಗ್ತೀಯಪ್ಪಾ?"

"ಎಲ್ಲಿಗೆ ಅತ್ತೆ?" ಎಂದ ಮುರಿಗಿ. "ಅಂಗಡಿ ಇರೋದು ಇಲ್ಲಿ ತಾನೇ? ನಾನೇ ಬಂದ್ಬಿಡ್ತೀನಿ. ಮಂಚ ಪಿಕಪ್‌ನಲ್ಲೇ ಇದೆ, ಯಾವ ಕೋಣೆಗೆ ಹಾಕಿಸ್ಲಿ?" ಆಮೇಲೆ ನಾಚಿಕೊಂಡು ಸೇರಿಸಿದ, "ನಿಮ್ಮ ಕೈ ಚಪಾತಿ ಅಂದ್ರೆ ನಂಗೂ ಪ್ರಾಣ ಅತ್ತೆ."

ಗಥೋನಿ ಬಗ್ಗಿ, ಕಚ್ಚುತ್ತಿದ್ದ ಕೆಂಪು ಚಪ್ಪಲಿ ಕಳಚಿಟ್ಟಳು. ಬರಿಗಾಲಲ್ಲಿ ಅಡುಗೆಮನೆಗೆ ಹೋಗಿ, ಮೂರು ಜನಕ್ಕೆ ಹಿಟ್ಟು ಕಲಸಲು ಕೂತಳು.