ಹೊರಟಲ್ಲಿಗೇ ಬರುವ ಅವಸರ

ನಮ್ಮ ಸೋದರಮಾವ ಮೋಟರ್‌ಸೈಕಲ್ ರೇಸಿನಲ್ಲಿ ಮೂರು ಸಲ ದೇಶಕ್ಕೇ ಚಾಂಪಿಯನ್. ಆದರೆ ಕಡೂರಿನಿಂದ ಬೀರೂರಿಗೆ ಹೋಗುವ ರಸ್ತೆಯಲ್ಲಿ ಅವರನ್ನು ಹಿಂದೆ ಹಾಕದ ವಾಹನವೇ ಇಲ್ಲ! ಉತ್ಪ್ರೇಕ್ಷೆಯಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಎರಡು ಮೂಟೆ ತೆಂಗಿನಕಾಯಿ ಹೇರಿಕೊಂಡಿದ್ದ ಮೊಪೆಡ್ಡಿನವನೊಬ್ಬ ಪಕ್ಕಕ್ಕೆ ಬಂದು, "ಯಾಕ್ ಸಾರ್, ಪೆಟ್ರೋಲ್ ಖಾಲಿ ಆಯ್ತಾ?" ಎಂದು ಕನಿಕರದಿಂದ ವಿಚಾರಿಸಿ ಮುಂದೆ ಹೋದ. ಮಾವನ ಸ್ಪೀಡೋಮೀಟರಿನ ಮುಳ್ಳು ಮೂವತ್ತು ಬಿಟ್ಟು ಕದಲಲಿಲ್ಲ.

ಒಮ್ಮೆ ತರೀಕೆರೆಯಲ್ಲಿ ನೆಂಟರ ಮದುವೆ. ನಾವೆಲ್ಲ ಬಸ್ಸು ಹತ್ತಿದರೆ ಮಾವ ಬೈಕು ಹತ್ತಿದರು, ಹಿಂದೆ ಅತ್ತೆ. ನಾವು ಧಾರೆ ನೋಡಿ, ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ದಂಪತಿಗಳ ಆಗಮನವಾಯಿತು. ಹೆಣ್ಣಿನ ತಂದೆ ತಡೆಯಲಾರದೆ ಕೇಳಿಯೇಬಿಟ್ಟರು: "ಅಲ್ಲಪ್ಪಾ, ರೇಸಲ್ಲೂ ಹಿಂಗೇ ಓಡಿಸ್ತೀಯಾ? ಮಿಕ್ಕೋರೇನು ನಡ್ಕಂಡು ಬತ್ತಾರಾ?"

"ಅಲ್ಲಿ ಎಲ್ರೂ ಒಂದೇ ಕಡೆ ಹೋಗ್ತಾರೆ ಕಣಣ್ಣ. ಇಲ್ಲಿ ಎದುರುಗಡೆಯಿಂದ್ಲೂ ಬತ್ತಾರೆ. ಭಯ ಆಯ್ತದೆ," ಎಂದರು ಮಾವ.

ಮೊಣಕಾಲು ನೆಲ ಸವರುವಷ್ಟು ಬೈಕು ವಾಲಿಸುವ ಮನುಷ್ಯ ಆಡುವ ಮಾತೇ ಇದು?

ರೇಸು ಹತ್ತಿರ ಬಂತೆಂದರೆ ಅವರ ಅಭ್ಯಾಸ ಅಡುಗೆಮನೆಯ ಸ್ಟೂಲಿನ ಮೇಲೆ. ಕಣ್ಣು ಮುಚ್ಚಿ, ಇಲ್ಲದ ಹ್ಯಾಂಡಲ್ ಹಿಡಿದು, ಟ್ರ್ಯಾಕಿನ ಒಂದೊಂದೇ ತಿರುವು ನೆನೆಸಿಕೊಳ್ಳುತ್ತಾ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾರೆ.

"ರೊಟ್ಟಿ ಆರ್ತಾ ಐತೆ ಕಣ್ರೀ," ಎನ್ನುತ್ತಾರೆ ಅತ್ತೆ.

"ತಡಿಯೇ, ಇನ್ನು ನಾಲ್ಕು ತಿರುವು ಐತೆ."

"ಹೊರಟಲ್ಲಿಗೇ ಬಂದು ನಿಲ್ಲೋಕೆ ಇಷ್ಟ್ಯಾಕ್ರೀ ಅವಸರ?"

ಅತ್ತೆ ಅಜ್ಜಂಪುರದವರು. ಹೊರಟವನು ಎಲ್ಲಿಗಾದರೂ ಹೋಗಿ ಸೇರಬೇಕು, ಸುತ್ತಿದ್ದೇ ಸುತ್ತುವುದಕ್ಕೆ ಗಾಣದೆತ್ತು ಇದೆಯಲ್ಲ ಎಂಬುದು ಅವರ ವಾದ. ಮಾವ ಗೆದ್ದು ತಂದ ಅತಿ ದೊಡ್ಡ ಕಪ್ಪಿನಲ್ಲಿ ಅವರು ವರ್ಷಕ್ಕಾಗುವ ಹುಣಸೆಹಣ್ಣು ತುಂಬಿಟ್ಟಿದ್ದಾರೆ. ಮದುವೆಯಾದ ಹದಿನೈದು ವರ್ಷದಲ್ಲಿ ಒಂದು ರೇಸನ್ನೂ ನೋಡಿರಲಿಲ್ಲ.

ಹೋದ ವರ್ಷ ಮಾವ, ಇದೇ ನನ್ನ ಕೊನೆಯ ರೇಸು ಎಂದು ಹೇಳಿದರು. "ಇದೊಂದಕ್ಕೆ ಬಾರೇ. ನೀನು ನೋಡ್ದಿದ್ಮೇಲೆ ಎಷ್ಟು ಗೆದ್ರೇನು?" ಅವರು ಹಾಗೆ ಬೇಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅತ್ತೆ, "ಬತ್ತೀನಿ. ಆದ್ರೆ ನೋಡಾಕಿಲ್ಲ," ಎಂದರು.

ಚೆನ್ನೈ ಹತ್ತಿರದ ಟ್ರ್ಯಾಕಿಗೆ ಜನ ಕ್ಯಾಮೆರಾ ತಂದಿದ್ದರೆ ನಮ್ಮತ್ತೆ ತಂದದ್ದು ಒಂದು ಚೀಲ ಸೇವಂತಿಗೆ, ಒಂದು ದಾರದುಂಡೆ! ತಲೆ ತಗ್ಗಿಸಿ ಕೂತರು. ಮಾವ ನಮ್ಮೆದುರು ಹಾದಾಗಲೆಲ್ಲ ನಾನು "ಹೋದ್ರು" ಅನ್ನಬೇಕು, ಅವರು ಒಂದು ಹೂ ಕಟ್ಟಬೇಕು. ಎಂಟು ಸುತ್ತಿನ ರೇಸು. ಐದು ಹೂ ಆಯಿತು, ಮಾವನೇ ಮುಂದಿದ್ದರು.

ಆರನೆಯ ಸುತ್ತಿನಲ್ಲಿ ಎಲ್ಲರೂ ಬಂದರು, ಮಾವ ಬರಲಿಲ್ಲ. ಹೂ ಹಿಡಿದ ಅತ್ತೆಯ ಕೈ ಹಾಗೇ ನಿಂತಿತು.

"ಹೋದ್ರಾ?"

"ಇನ್ನೂ ಬಂದಿಲ್ಲ ಅತ್ತೆ."

ಆಗ ಅವರು ಮೊದಲ ಸಲ ತಲೆ ಎತ್ತಿದರು. ಕಡೆಗೆ ಒಂದು ಮಗ್ಗುಲು ಪೂರ್ತಿ ಧೂಳು ಮೆತ್ತಿಕೊಂಡು, ಬಿದ್ದ ಬೈಕನ್ನು ಎತ್ತಿ ಮತ್ತೆ ಏರಿ, ಮಾವ ಒಬ್ಬರೇ ಬಂದರು. ಅತ್ತೆ ಚೀಲ ಬಿಟ್ಟು ಎದ್ದು ನಿಂತರು. "ನಿಧಾನ ಕಣ್ರೀ! ನಿಧಾನ!" ರೇಸಿನ ಮೈದಾನದಲ್ಲಿ ಹಾಗೆ ಕೂಗಿದ ಮೊದಲ ಪ್ರೇಕ್ಷಕಿ ಅವರೇ ಇರಬೇಕು. ಉಳಿದ ಸುತ್ತುಗಳನ್ನು ಕಣ್ಣು ಮಿಟುಕಿಸದೆ ನೋಡಿದರು. ಮಾವ ಎಲ್ಲರಿಗಿಂತ ಕೊನೆಯಲ್ಲಿ ಮುಗಿಸಿದರು.

ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಂದ ಮಾವನಿಗೆ ಅತ್ತೆಯ ಮುಖ ನೋಡಲು ನಾಚಿಕೆ. "ನೀನು ಬಂದ ದಿನಾನೇ ಕಡೆಯೋನಾದೆ ಕಣೇ."

ಅತ್ತೆ ಐದೇ ಹೂವಿನ ಆ ಮಾಲೆಯನ್ನು ಮಾವನ ಮಣಿಕಟ್ಟಿಗೆ ಸುತ್ತಿದರು. "ಹೊರಟಲ್ಲಿಗೇ ಬಂದ್ರಲ್ಲ. ಹದಿನೈದು ವರ್ಷದಿಂದ ನಾನು ದೇವ್ರನ್ನ ಕೇಳ್ಕಂಡಿದ್ದು ಅದೊಂದೇ."

ದಾರ ಅವರ ಬೆರಳಿಂದ ಎರಡು ಸಲ ಜಾರಿತು. ಗಂಟು ಬೀಳುವ ತನಕ ಮಾವ ಅಲ್ಲಾಡದೆ ನಿಂತಿದ್ದರು.