ಕಾಂದಿದಾಳ ಬಾಚಣಿಗೆ ಮತ್ತು ಮೂರನೇ ಗೆರೆ

ಎಲಾದಿಯೊನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬೇರೆ ಹೆಂಗಸರ ಕಡೆ ಕಣ್ಣೆತ್ತಿ ನೋಡುವ ಚಾಳಿಯೂ ಇಲ್ಲ. ಅಂಥ ಗಂಡನನ್ನು ಕಟ್ಟಿಕೊಂಡೂ ಕಾಂದಿದಾ ಮೂವತ್ತೊಂದು ವರ್ಷ ಪಟ್ಟ ಪಾಡು ಯಾವ ಕುಡುಕನ ಹೆಂಡತಿಗೂ ಬೇಡ. ಅವನಿಗಿದ್ದದ್ದು ನಿಧಿಯ ಹುಚ್ಚು.

ಮುತ್ತಜ್ಜರ ಕಾಲದಲ್ಲಿ ನೆರೆಯ ದೇಶಗಳೊಂದಿಗೆ ನಡೆದ ಮಹಾಯುದ್ಧದಲ್ಲಿ ಊರುಬಿಟ್ಟು ಓಡುವಾಗ ಜನ ಬೆಳ್ಳಿಬಂಗಾರವನ್ನೆಲ್ಲ ಹೂತುಹೋದರೆಂಬುದು ಪರಾಗ್ವೆಯಲ್ಲಿ ಹಾಲುಹಲ್ಲಿನ ಮಗುವಿಗೂ ಗೊತ್ತು. ಎಲಾದಿಯೊ ಮಾತ್ರ ಅದನ್ನು ತನ್ನ ಹೆಸರಿಗೇ ಇಟ್ಟುಹೋದ ಠೇವಣಿ ಎಂದು ತಿಳಿದಿದ್ದ. ಹಿತ್ತಲಲ್ಲಿ ಅವನು ತೋಡಿದ ಗುಂಡಿಗಳಿಗೆ ಕೋಳಿ ಬಿತ್ತು, ಹಂದಿ ಬಿತ್ತು, ಒಂದು ಭಾನುವಾರ ಪಾದ್ರಿಯವರೂ ಬಿದ್ದರು. (ಪಾದ್ರಿಯವರನ್ನು ಮೇಲೆತ್ತಲು ಹೆಚ್ಚು ಹೊತ್ತು ಹಿಡಿಯಿತು. ಹಂದಿ ಸಹಕರಿಸಿತ್ತು.) ಕೊನೆಗೆ ತಾನೇ ಬಿದ್ದು ಕಾಲು ಮುರಿದುಕೊಂಡ.

ಆ ಕಾಲು ಕೂಡಿದ ವರ್ಷವೇ ಅವನ ಕಣ್ಣು ಹೆಂಡತಿಯ ಬಾಚಣಿಗೆಯ ಮೇಲೆ ಬಿತ್ತು. ಅದು ಕಾಂದಿದಾಳ ತಾಯಿಯದು. ತೆಳುವಾದ ಚಿನ್ನದ ತಗಡು ಹೊದಿಸಿದ್ದು, ನಡುವೆ ಕೆಂಪು ಹವಳ. ಅದನ್ನು ಮಾರಿ ನಿಧಿಯ ಜಾಗ ತೋರಿಸುವ ಮಂತ್ರವಾದಿಯನ್ನು ಕರೆಸುವುದೆಂದು ಅವನು ಸಂಕಲ್ಪ ಮಾಡಿದ. ಕಾಂದಿದಾ ಕಣ್ಣು ಮಿಟುಕಿಸದೆ ಹೇಳಿದಳು: "ನಿನ್ನ ಕಾಲು ಸರಿಹೋಗ್ಲಿ ಅಂತ ಕಾಕುಪೆ ಇಗರ್ಜಿಯ ಮಾತೆಗೆ ಹರಕೆ ಹೊತ್ತಿದ್ದೆ. ಮೊನ್ನೆ ಬಸ್ಸಲ್ಲಿ ಹೋಗಿ ಕೊಟ್ಟುಬಂದೆ." ಬಾಚಣಿಗೆ ಹಿತ್ತಲಿನ ಗೂಡೊಲೆಯ ಬುಡದಲ್ಲಿ, ಪುಟ್ಟ ಮಣ್ಣಿನ ಮಡಕೆಯೊಳಗೆ, ಮೊಳದಾಳದಲ್ಲಿತ್ತು.

ಎರಡು ವರ್ಷ ಸುಖವಾಗಿ ಕಳೆಯಿತು. ಆಮೇಲೆ ಬ್ಯೂನಸ್ ಐರಿಸ್‌ನಿಂದ ಎಲಾದಿಯೊನ ಚಿಕ್ಕಪ್ಪನ ಮಗ ಬಸಿಲಿಯೊ ಲೋಹ ಹುಡುಕುವ ಯಂತ್ರ ಹೊತ್ತು ಬಂದ. ಉದ್ದನೆಯ ಕೋಲು, ತುದಿಗೆ ಊಟದ ತಟ್ಟೆಯಂಥ ಚಕ್ರ, ಹಿಡಿಯ ಹತ್ತಿರ ಒಂದು ತಿರುಗಣೆ. ಬೆಳಗಿನ ತೆರೆರೆ, ಅಂದರೆ ತಣ್ಣನೆಯ ಎಲೆಪಾನೀಯ, ಹೀರುತ್ತ ಪಾಠ ಶುರುವಾಯಿತು. ತಣ್ಣೀರು ಸುರಿದು ಬಟ್ಟಲನ್ನು ಸರದಿಯಂತೆ ಕೈಯಿಂದ ಕೈಗೆ ದಾಟಿಸುತ್ತಿದ್ದ ಕಾಂದಿದಾಳ ಕಿವಿಯೆಲ್ಲ ಅಲ್ಲೇ.

"ನೋಡಣ್ಣ, ಈ ತಿರುಗಣೆಗೆ ಮೂರು ಗೆರೆ," ಎಂದ ಬಸಿಲಿಯೊ. "ಮೊದಲ್ನೇದ್ರಲ್ಲಿ ಮೊಳೆ, ಲಾಳ, ಡಬ್ಬ, ಎಲ್ಲಕ್ಕೂ ಕೂಗುತ್ತೆ. ಎರಡನೇದ್ರಲ್ಲಿ ಕಬ್ಬಿಣ ಕಂಡ್ರೆ ಸುಮ್ನಿರುತ್ತೆ. ಅದೇ ನಮಗೆ ಬೇಕಾದ್ದು."

"ಮೂರನೇದ್ರಲ್ಲಿ ಬರೀ ಚಿನ್ನಾನಾ?"

"ಎಲ್ಲಿ ಬಂತು. ಅದು ಸಿಗರೇಟ್ ತಗಡು, ಬಾಟ್ಲಿ ಮುಚ್ಚಳ ಎಲ್ಲ ಬೇಡ ಅನ್ನುತ್ತೆ. ಆದ್ರೆ ತೆಳು ಚಿನ್ನಾನೂ ತಗಡು ಅಂದ್ಕೊಂಡು ದಾಟಿಬಿಡುತ್ತೆ. ಅದರ ತಂಟೆಗೆ ಹೋಗ್ಬೇಡ."

ಗಂಡಸರು ಗುದ್ದಲಿ ತರಲು ಎದ್ದರು. ಮೂರನೇ ತರಗತಿಗೇ ಶಾಲೆ ಬಿಟ್ಟವಳಿಗೆ ಮೂರರವರೆಗೆ ಎಣಿಸಲು ಕಷ್ಟವಾಗಲಿಲ್ಲ. ಕಾಂದಿದಾ ತಿರುಗಣೆಯನ್ನು ಮೂರನೇ ಗೆರೆಗೆ ತಿರುಗಿಸಿ, ಸೆರಗಿಲ್ಲದ ಕಾರಣ ಏಪ್ರನ್ನಿಗೆ ಕೈ ಒರೆಸಿಕೊಂಡಳು.

ಯಂತ್ರ ಹಿತ್ತಲೆಲ್ಲ ಸುತ್ತಿತು. ಕಮಕ್ ಕಿಮಕ್ ಎನ್ನಲಿಲ್ಲ. ಗೂಡೊಲೆಯ ಬುಡದ ಮೇಲೆ ಎರಡು ಸಲ ಹಾದಾಗ ಕಾಂದಿದಾ ಉಸಿರು ಹಿಡಿದಳು, ಯಂತ್ರವೂ ಹಿಡಿಯಿತು.

"ನಿನ್ನ ಪೂರ್ವಿಕರು ಹೂತಿಟ್ಟದ್ದು ಸಾಲವೋ ಏನೋ," ಎಂದಳು ಅವಳು, ಧೈರ್ಯ ಬಂದು.

"ಬಾಯಿ ಮುಚ್ಚು ಕಾಂದಿದಾ. ಹುಡುಕುವಾಗ ಜಗಳ ಆಡಿದ್ರೆ ನಿಧಿ ಇದ್ದಿಲಾಗುತ್ತೆ."

"ಹಾಗಿದ್ರೆ ಇಷ್ಟು ವರ್ಷಕ್ಕೆ ಈ ಹಿತ್ತಲು ಇದ್ದಿಲ ಗಣಿ ಆಗಿರ್ಬೇಕಿತ್ತು. ನಾನ್ಯಾಕೆ ಇನ್ನೂ ಕಾಡಿಗೆ ಹೋಗಿ ಸೌದೆ ತರ್ತಿದ್ದೆ?"

ಮಧ್ಯಾಹ್ನಕ್ಕೆ ಎಲಾದಿಯೊನ ಮುಖ ಬಾಡಿತು. ಯಂತ್ರವನ್ನು ಆರಿಸದೆ ಗೂಡೊಲೆಗೆ ಒರಗಿಸಿಟ್ಟು ಇಬ್ಬರೂ ಮಾವಿನ ನೆರಳಲ್ಲಿ ಕಾಲು ಚಾಚಿದರು. ಗೆದ್ದ ಖುಷಿಯಲ್ಲಿ ಕಾಂದಿದಾ ಜೋಳದ ಹಿಟ್ಟು, ಚೀಸು, ಈರುಳ್ಳಿ ಕಲಸಿ, ಬೇಯಿಸಲೆಂದು ತಟ್ಟೆ ಹಿಡಿದು ಗೂಡೊಲೆಗೆ ಬಂದಳು. ಯಂತ್ರ ಅಡ್ಡವಿತ್ತು. ತಟ್ಟೆಯನ್ನು ಸೊಂಟಕ್ಕಿರಿಸಿ, ಇನ್ನೊಂದು ಕೈಯಲ್ಲಿ ಯಂತ್ರದ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಎತ್ತಿ ಪಕ್ಕಕ್ಕೆ ಸರಿಸಿದಳು. ಚಕ್ರ ಮಡಕೆಯ ಮೇಲೆ ಬಂತು.

ಯಂತ್ರ ಕೊರಳು ಹಿಸುಕಿದ ಹಂದಿಯ ಹಾಗೆ ಅರಚಿತು. ಹೆದರಿಕೆಗೆ ಅವಳ ಹಿಡಿತ ಬಿಗಿಯಾಯಿತು. ಎಷ್ಟು ಬಿಗಿ ಹಿಡಿದರೂ ಅರಚಾಟ ನಿಲ್ಲದು.

"ಅಲುಗಾಡ್ಬೇಡಿ ಅತ್ತಿಗೆ," ಎಂದು ಬಸಿಲಿಯೊ ಓಡಿಬಂದ. "ಹಿಡಿಯ ಕೆಳಗಿನ ಗುಂಡಿ ಒತ್ತಿದ್ದೀರಿ. ಜಾಗ ಗುರುತು ಮಾಡೋದಕ್ಕೆ ಅದು. ಒತ್ತಿ ಹಿಡಿದ್ರೆ ಗೆರೆ ಗಿರೆ ಏನೂ ಲೆಕ್ಕಕ್ಕಿಲ್ಲ, ಕೆಳಗೆ ಯಾವ ಲೋಹ ಇದ್ರೂ ಬಿಡಲ್ಲ."

"ಒಲೆ ಬಾಗಿಲ ತಗಡಿರ್ಬೇಕು," ಎಂದಳು ಕಾಂದಿದಾ. ಕೇಳುವವರಿರಲಿಲ್ಲ. ಮೂವತ್ತೊಂದು ವರ್ಷ ಮಣ್ಣು ತೋಡಿದ ಗಂಡ ಹತ್ತು ನಿಮಿಷದಲ್ಲಿ ಮಡಕೆ ಎತ್ತಿದ. ಬೇಲಿಯಾಚೆಯ ತೊಮಾಸಾ ಕೂಗು ಕೇಳಿ ಬೇಲಿಯೀಚೆಗೆ ಬಂದಿದ್ದಳು. ಸುತ್ತಿದ್ದ ಬಟ್ಟೆ ಬಿಚ್ಚಿದರೆ ಬಾಚಣಿಗೆ.

ಎಲಾದಿಯೊ ಅದನ್ನೂ ಹೆಂಡತಿಯನ್ನೂ ನೋಡಿದ. "ಇದನ್ನ ಕಾಕುಪೆ ಮಾತೆಗೆ ಕೊಟ್ಟೆ ಅಂದಿದ್ದೆ."

ಊರಿಗೆಲ್ಲ ಸುದ್ದಿ ಹಂಚುವ ತೊಮಾಸಾ ಎದುರಿಗೇ ನಿಂತಿದ್ದಾಳೆ. ಕಾಂದಿದಾಳ ಬಾಯಿಗೆ ಸಿಕ್ಕಿದ್ದು ಒಂದೇ ಮಾತು. "ಕೊಟ್ಟಿದ್ದೆ. ಮಾತೆ ವಾಪಸ್ ಕಳಿಸಿದ್ದಾಳೆ."

ತೊಮಾಸಾ ಅಲ್ಲೇ ಮಣ್ಣಲ್ಲಿ ಮೊಣಕಾಲೂರಿ ಶಿಲುಬೆಯ ಗುರುತು ಮಾಡಿಕೊಂಡಳು. ಬಸಿಲಿಯೊ ಟೋಪಿ ತೆಗೆದ. ಇಷ್ಟಕ್ಕೇ ನಿಂತಿದ್ದರೆ ಬಾಚಣಿಗೆ ತಲೆಗೇ ವಾಪಸ್ಸಾಗುತ್ತಿತ್ತು. ತೊಮಾಸಾ ಎದ್ದು ಕೇಳಿದಳು, "ಯಾಕೆ ವಾಪಸ್ ಕಳಿಸಿದ್ಲು ಅಂತ ಯೋಚಿಸಿದ್ಯಾ? ನೀನು ಬಸ್ಸಲ್ಲಿ ಹೋಗಿದ್ದೆ ಅಂತ ನಿನ್ನ ಗಂಡ ಆಗ್ಲೇ ಅಂದಿದ್ದ, ಅಲ್ವೇನೇ ಗೆಳತಿ?"

"ಬಿಸಿಲಿತ್ತು," ಎಂದಳು ಕಾಂದಿದಾ.

"ಹರಕೆ ಅಂದ್ಮೇಲೆ ನಡೆದು ಹೋಗ್ಬೇಕು. ಬಸ್ಸಲ್ಲಿ ಬಂದದ್ದನ್ನ ಆ ತಾಯಿ ಮುಟ್ತಾಳಾ? ಬರೋ ವಾರವೇ ಹಬ್ಬ. ಇಡೀ ಕೇರಿ ನಿನ್ನ ಜೊತೆ ಬರ್ತೀವಿ, ಹೆದರ್ಬೇಡ."

ಕೇರಿ ಬಂತು. ನಲವತ್ತು ಕಿಲೋಮೀಟರು. ಕಾಂದಿದಾ ಎಲ್ಲರಿಗಿಂತ ಮುಂದೆ, ಎದೆಗೆ ಬಾಚಣಿಗೆ ಅವಚಿಕೊಂಡು, ಕಾಲಿಗೆ ಬೊಬ್ಬೆಯೆದ್ದು ನಡೆದಳು. ದಾರಿಯಲ್ಲಿ ಮುದುಕಿಯರು ಬಂದು ಅವಳ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಾಚಣಿಗೆಯನ್ನು ಮಾತೆಯ ಪಾದದ ಬಳಿ ಇರಿಸುವಾಗ ಅವಳು ಅತ್ತದ್ದು ಕಂಡು ತೊಮಾಸಾಳೂ ಭಕ್ತಿಯಿಂದ ಅತ್ತಳು.

ಹೊರಗೆ ಮೆಟ್ಟಿಲ ಮೇಲೆ ಎಲಾದಿಯೊ ಹೆಂಡತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬಟ್ಟೆಯ ತುಂಡನ್ನು ನೀರಲ್ಲಿ ಅದ್ದಿ ಬೊಬ್ಬೆ ಒರೆಸಿದ. ಬಾಚಣಿಗೆಗೆ ಸುತ್ತಿದ್ದ ತುಂಡೇ ಅದು. ಒರೆಸುತ್ತ ಒರೆಸುತ್ತ ಸಣ್ಣಗೆ ಹೇಳಿದ: "ಎಷ್ಟು ಕರುಣೆ ನೋಡು ಮಾತೆಗೆ. ವಾಪಸ್ ಕಳಿಸೋವಾಗ ನನ್ನ ಹಳೇ ಅಂಗಿ ತೋಳನ್ನೇ ಹುಡುಕಿ ಸುತ್ತಿದ್ದಾಳೆ."

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕಾಂದಿದಾ ಎದುರುತ್ತರ ಕೊಡದೆ, ಇನ್ನೊಂದು ಪಾದವನ್ನೂ ಅವನ ತೊಡೆಯ ಮೇಲಿಟ್ಟಳು.